ಅರಬ್ಬೀ ಸಮುದ್ರದ ತಾಪವೂ ಪುಣೆಯ ಅಧ್ಯಯನವೂ

ಸಹ್ಯಾದ್ರಿಯ ಈಚೆಗೆ, ಕಡಲು ಕಣ್ಣಿಗೆ ಬೀಳದಷ್ಟು ದೂರದಲ್ಲಿರುವ ಪುಣೆಯಲ್ಲಿ ಸಮುದ್ರದ ಕ್ಷೇಮವನ್ನು ಕುರಿತ ಶಾಸ್ತ್ರವೊಂದು ಬೆಳೆದುಬಂದುದು ವಿಚಿತ್ರವೆಂದು ತೋರಬಹುದಾದರೂ, 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿಯು ಸಿಮ್ಲಾದಿಂದ ಇಲ್ಲಿಗೆ ಬಂದಂದಿನಿಂದ ಈ ಊರಿನ ವಿದ್ವಾಂಸರ ದೃಷ್ಟಿಯು ಮಳೆಯ ಮೂಲವನ್ನರಸುತ್ತ ಪಶ್ಚಿಮದ ಕಡಲಿನ ಮೇಲೆಯೇ ನೆಟ್ಟಿದ್ದಿತು. ಹಲವು ರಾಷ್ಟ್ರಗಳ ನೌಕೆಗಳು ಕೂಡಿ 1959ರಿಂದ 1965ರವರೆಗೆ ಹಿಂದೂ ಮಹಾಸಾಗರವನ್ನು ಶೋಧಿಸುತ್ತಿದ್ದ ಕಾಲದಲ್ಲಿಯೇ, 1962ರ ನವೆಂಬರಿನಲ್ಲಿ, ಉಷ್ಣವಲಯ ಹವಾಮಾನ ಸಂಸ್ಥೆಯು ಇಲ್ಲಿ ಸ್ಥಾಪಿತವಾಯಿತು. ಮೊದಲ ನಿರ್ದೇಶಕರಾದ ಪಿ. ಆರ್. ಪಿಶಾರೋಟಿಯವರು ಆ ಶೋಧಯಾತ್ರೆಯ ವೀಕ್ಷಣೆಗಳನ್ನಾಧರಿಸಿ, ಮುಂಗಾರಿನ ತೇವಕ್ಕೂ ಅರಬ್ಬೀ ಸಮುದ್ರದ ಬಾಷ್ಪೀಭವನಕ್ಕೂ ಇರುವ ಸಂಬಂಧವನ್ನು 1965ರಲ್ಲಿ ಗಣಿಸಿ ತೋರಿಸಿದರು.

ಆದರೆ ಅದೇ ಯಾತ್ರೆಯಲ್ಲಿ ದೊರೆತ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳು ಕೊಚ್ಚಿಯ ಪ್ರಯೋಗಶಾಲೆಯನ್ನು ಸೇರಿದುವು. 1966ರಲ್ಲಿ ಹುಟ್ಟಿದ ಸಾಗರವಿಜ್ಞಾನ ಸಂಸ್ಥೆಯು ಗೋವೆಯಲ್ಲಿ ನೆಲೆಸಿತು. ಮೀನಿನ ಗಣನೆಯಾದರೋ 1947ರಿಂದಲೂ ಬೇರೊಂದು ಕೇಂದ್ರ ಸಂಸ್ಥೆಯ ಹೊಣೆಯಾಗಿದ್ದಿತು. ಗಾಳಿ, ನೀರು, ಮೀನುಗಳನ್ನು ಹೀಗೆ ಹಂಚಿಕೊಂಡುದರಿಂದ ಒಂದೊಂದು ವಿದ್ಯೆಯೂ ಆಳವನ್ನು ಪಡೆಯಿತಾದರೂ, ಕಡಲಿಗೆ ಒದಗಿದ ಹಾನಿಯನ್ನು ಸಮಗ್ರವಾಗಿ ಕಾಣುವುದು ಬಹಳ ತಡವಾಯಿತೆಂದು ನನ್ನ ಅಭಿಪ್ರಾಯ.

ಅತ್ತ ಕರಾವಳಿಯಲ್ಲಿ, ಊರಿನ ಜನರೆಲ್ಲ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯ ಸ್ಥಾನವನ್ನು ಟ್ರಾಲ್ ಬೋಟುಗಳೂ 1970ರ ದಶಕದಲ್ಲಿ ಬಂದ ಪರ್ಸೀನ್ ಬಲೆಗಳೂ ಆಕ್ರಮಿಸಿದುವು. ತಳವನ್ನು ಗೋರುವ ಟ್ರಾಲ್ ಬಲೆಯು ಮರಿಮೀನನ್ನೂ ಬಿಡದು. 1986ರ ಕರ್ನಾಟಕದ ಕಡಲ ಮೀನುಗಾರಿಕೆಯ ಕಾಯಿದೆ, ಮಳೆಗಾಲದ 61 ದಿನಗಳ ನಿಷೇಧ, 2017ರಲ್ಲಿ ಬೆಳಕು ಮೀನುಗಾರಿಕೆಗೆ ಬಿದ್ದ ತಡೆ, ಇವೆಲ್ಲವೂ ಬಲೆಯನ್ನೇ ಕುರಿತುವು. ನೀರು ಮಾತ್ರ ಎಂದಿನಂತೆಯೇ ಇರುವುದೆಂದು ಭಾವಿಸಿದುವು.

ಆ ಭಾವನೆಯನ್ನು ಅಲುಗಿಸಿದುದು ಪುಣೆಯ ಸಂಶೋಧನೆ. ಅದೇ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2014ರಲ್ಲಿ, ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ಮೈಯು 1901ರಿಂದ 2012ರೊಳಗೆ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿಯಷ್ಟು ಕಾದಿರುವುದೆಂದೂ, 2016ರಲ್ಲಿ, ಅಲ್ಲಿನ ಸಸ್ಯಪ್ಲವಕಗಳು ಆರು ದಶಕಗಳಲ್ಲಿ ಶೇ. 20ರವರೆಗೆ ಕುಗ್ಗಿರುವುವೆಂದೂ ತಿಳಿಸಿದರು. ಕಾದ ನೀರು ಹಗುರವಾಗಿ ಮೇಲೆಯೇ ನಿಲ್ಲುವುದರಿಂದ ಆಳದ ತಂಪುನೀರಿನೊಡನೆ ಬೆರೆಯದು. ಬೆರೆಯದಿರಲು ತಳದಲ್ಲಿರುವ ಪೋಷಕ ಲವಣಗಳು ಬಿಸಿಲಿರುವೆಡೆಗೆ ಏರವು. ಅವು ಏರದಿದ್ದರೆ ಪ್ಲವಕವಿಲ್ಲ, ಪ್ಲವಕವಿಲ್ಲದೆಡೆ ಬೂತಾಯಿಗೂ ಬಂಗುಡೆಗೂ ಆಹಾರವಿಲ್ಲ. ಗಾಳಿಯ ಶಾಸ್ತ್ರವೂ ಮೀನಿನ ಶಾಸ್ತ್ರವೂ ಅರ್ಧ ಶತಮಾನದ ತರುವಾಯ ಸಂಧಿಸಿದುದು ಇಲ್ಲಿ. ಅತಿಯಾದ ಬೇಟೆಯಿಂದ ಮೊದಲೇ ಕೃಶವಾದ ಮೀನುಸಂತತಿಯ ಮೇಲೆ ಈ ತಾಪದ ಭಾರವೂ ಬಿದ್ದಿರಲು, ಎರಡನ್ನು ಬೇರೆಬೇರೆಯಾಗಿ ವಿಚಾರಿಸುವುದು ಇನ್ನು ಸಲ್ಲದು.

ಇಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು, ಮೇಲ್ಮೈಯ ಉಷ್ಣತೆಯನ್ನೂ ಪ್ಲವಕದ ಹಸಿರನ್ನೂ ಉಪಗ್ರಹಗಳಿಂದ ಅಳೆದು, ಮೀನು ಎಲ್ಲಿ ದೊರೆತೀತೆಂಬುದನ್ನು ಬೆಸ್ತರಿಗೆ ತಿಳಿಸುತ್ತಿದೆ. ಅದೇ ಅಳತೆಗಳಿಂದ ಬಳಲಿದ ನೀರಿನ ನೆಲೆಗಳನ್ನೂ ಗುರುತಿಸಿ, ಚೇತರಿಸುವವರೆಗೆ ಅಲ್ಲಿ ಬಲೆ ಬಿಡಬಾರದೆಂಬ ಸೂಚನೆಯನ್ನೂ, ಅದರಿಂದಾಗುವ ನಷ್ಟಕ್ಕೆ ಪರಿಹಾರವನ್ನೂ ಒಟ್ಟಿಗೆ ಕಳುಹಿಸುವ ವ್ಯವಸ್ಥೆಯಾಗಬೇಕು.