ಮಿರ್ಲೆ ಸೀಮೆಯಲ್ಲಿ ದುಡಿಯುವ ವಯಸ್ಸಿನವರ ಪಾಲು: 1871ರಿಂದ ಈಚೆಗೆ

ಒಂದು ನಾಡಿನ ಜನರಲ್ಲಿ 15ರಿಂದ 59 ವರ್ಷದೊಳಗಿನವರು ನೂರಕ್ಕೆ ಎಷ್ಟು ಮಂದಿ ಎಂಬ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಈಗ ಭಾಗ್ಯದ ಸೂಚಿಯಂತೆ ಓದುತ್ತಾರೆ. ಆ ಪಾಲು ಹೆಚ್ಚಿದಷ್ಟೂ ದುಡಿಯುವ ಕೈ ಹೆಚ್ಚು, ಕೂತು ಉಣ್ಣುವ ಬಾಯಿ ಕಡಿಮೆ. ಹಾಗಾಗಿ ನಾಡಿಗೆ ಲಾಭ ಎಂಬುದು ವಾದ. ಹಳೆಯ ಮೈಸೂರಿನ ಗಣತಿಗಳನ್ನು ಒಂದರ ಹಿಂದೊಂದು ಇಟ್ಟು ನೋಡಿದರೆ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಕೃಷ್ಣರಾಜನಗರ ಸೀಮೆಯ ಮಿರ್ಲೆ, ಅದರ ಆಚೀಚಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಸೇರಿದ ಈ ನಾಡಿನಲ್ಲಿ ಆ ಪಾಲು ಮೊದಲು ಏರಿದ್ದು ಸಾವಿನಿಂದ, ಆಮೇಲೆ ಇಳಿದದ್ದು ಆರೋಗ್ಯ ಸುಧಾರಿಸಿದ್ದರಿಂದ.

ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಗಣತಿ ನಡೆದದ್ದು 1871ರಲ್ಲಿ. ಆಗ ಸಿಕ್ಕ ಲೆಕ್ಕ 50,55,412 ಜನ. ಹತ್ತು ವರ್ಷ ಕಳೆದು, ಆಡಳಿತ ಮತ್ತೆ ಅರಸರ ಕೈಸೇರುವುದಕ್ಕೆ ತಿಂಗಳ ಹಿಂದಷ್ಟೇ, 1881ರ ಫೆಬ್ರವರಿಯಲ್ಲಿ ಎಣಿಸಿದಾಗ ಉಳಿದಿದ್ದವರು 41,86,188. ನಡುವೆ 1876–78ರ ಬರ ಬಂದು ಹೋಗಿತ್ತು. ನೂರಕ್ಕೆ ಹದಿನೇಳು ಜನ ಕಡಿಮೆಯಾದ ಈ ದಶಕ ಇತಿಹಾಸದ ಪುಸ್ತಕಗಳಲ್ಲೆಲ್ಲ ಇದೆ. ಯಾವ ವಯಸ್ಸಿನವರು ಕಡಿಮೆಯಾದರು ಎಂಬುದರ ಕಡೆಗೆ ಮಾತ್ರ ಅಷ್ಟು ಗಮನ ಹೋಗಿಲ್ಲ. ಬರ ಮೊದಲು ಕಾಡುವುದು ಎಳೆಯರನ್ನೂ ಮುದುಕರನ್ನೂ. ಹಸಿದ ವರ್ಷಗಳಲ್ಲಿ ಬಸಿರು ನಿಲ್ಲುವುದೂ ಅಪರೂಪ. ಹೀಗಾಗಿ 1881ರ ವಯಸ್ಸಿನ ಕೋಷ್ಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾಲು ಎದ್ದು ಕಾಣುವಷ್ಟು ಬಡವಾಯಿತು. ಎರಡು ತುದಿ ಸವೆದರೆ ನಡುವಿನ ಪಾಲು ತಾನೇ ದೊಡ್ಡದಾಗುತ್ತದೆ. ಇಂದಿನ ಸೂತ್ರ ಹಿಡಿದು ನೋಡುವವನಿಗೆ 1881ರ ಮೈಸೂರು ದುಡಿಯುವವರಿಂದ ತುಂಬಿದ ನಾಡು!

ಮಕ್ಕಳ ಸಾಲಿನ ಆ ತಗ್ಗು ಅಲ್ಲಿಗೇ ಮುಗಿಯಲಿಲ್ಲ. ಬರದ ಕಾಲದಲ್ಲಿ ಹುಟ್ಟಬೇಕಾಗಿದ್ದವರು 1890ರ ದಶಕದಲ್ಲಿ ಹದಿನೈದು ದಾಟಬೇಕಿತ್ತು. ನೇಗಿಲು ಹಿಡಿಯುವ, ಮದುವೆಯಾಗುವ ವಯಸ್ಸಿನ ಸಾಲಿಗೆ ಆಗ ಕೊರತೆ ಬಿತ್ತು. ಜನಸಂಖ್ಯೆ 1891ಕ್ಕೆ 49,43,604ಕ್ಕೆ ಚೇತರಿಸಿಕೊಂಡಿತ್ತು ನಿಜ. ಆದರೆ ಆ ಚೇತರಿಕೆಯ ಬಹುಪಾಲು ತೊಟ್ಟಿಲಲ್ಲಿತ್ತು. 1898ರಿಂದ ಪ್ಲೇಗು. 1918ರ ಇನ್‌ಫ್ಲೂಯೆಂಜಾ ಇನ್ನೊಂದು ಬಗೆಯದು: ಬರಕ್ಕೆ ತದ್ವಿರುದ್ಧವಾಗಿ ಅದು ಗಟ್ಟಿಮುಟ್ಟಾದ ಇಪ್ಪತ್ತು–ನಲವತ್ತರ ಪ್ರಾಯದವರನ್ನೇ ಹೆಚ್ಚಾಗಿ ಎಳೆದುಕೊಂಡಿತು. 1911ರಿಂದ 1921ರವರೆಗೆ ಸಂಸ್ಥಾನದ ಜನ ಬೆಳೆದದ್ದು ನೂರಕ್ಕೆ ಮೂರರಷ್ಟು ಮಾತ್ರ. ಒಂದೇ ಸೀಮೆ, ನಲವತ್ತು ವರ್ಷದ ಅಂತರ, ಎರಡು ವಿಪತ್ತು; ಒಂದು ಈ ಪಾಲನ್ನು ಮೇಲಕ್ಕೆ ದೂಡಿತು, ಇನ್ನೊಂದು ಕೆಳಕ್ಕೆ ಎಳೆಯಿತು.

ಇಷ್ಟು ಹೇಳುವಾಗಲೂ ಆ ಕಾಲದ ವಯಸ್ಸಿನ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಕೇಳಿಕೊಳ್ಳಬೇಕು. ಜಾತಕ ಬರೆಸುವ ಕೆಲವು ಮನೆಗಳನ್ನು ಬಿಟ್ಟರೆ ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. ಗಣತಿಯವನು ಕೇಳಿದರೆ 'ಒಂದು ಮೂವತ್ತು ಬರ್ಕೊಳಿ ಸ್ವಾಮಿ' ಎನ್ನುವುದು ಊರಿನ ವಾಡಿಕೆ. ಪರಿಣಾಮವಾಗಿ ಕೋಷ್ಟಕಗಳಲ್ಲಿ 30, 35, 40, 50ರ ಮೇಲೆ ಜನ ಗುಡ್ಡೆಬಿದ್ದಿದ್ದಾರೆ. 29, 31ರಲ್ಲಿ ಯಾರೂ ಇಲ್ಲವೇನೋ ಎಂಬಂತಿದೆ. ನಮ್ಮ ಲೆಕ್ಕಕ್ಕೆ ಇದರ ಪೆಟ್ಟು ಬೀಳುವುದು 60ರ ಗಡಿಯಲ್ಲಿ. ಐವತ್ತೆಂಟರವನು ಅರವತ್ತೆಂದರೆ ದುಡಿಯುವವರ ಸಾಲಿನಿಂದಲೇ ಆಚೆ. 1931ರಲ್ಲಿ ಭಾರತದ ಗಣತಿ ಈ ಗುಡ್ಡೆಗಳನ್ನು ಹರಡಲು ಹತ್ತಿರದ ಹುಟ್ಟುದಿನಕ್ಕೆ ವಯಸ್ಸು ಕೇಳಿ, ಮೂರು ಮತ್ತು ಏಳು ವರ್ಷಗಳ ಗುಂಪು ಮಾಡುವ ಹೊಸ ಪದ್ಧತಿ ತಂದಿತು. ಆ ಸಲದ ಮೈಸೂರು ವರದಿ ಸಿದ್ಧಪಡಿಸಿದ ಅಧಿಕಾರಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರೇ ಎಂಬುದನ್ನು ಅವರ ಕಥೆಗಳನ್ನು ಓದಿದವರಲ್ಲೂ ಬಹಳ ಮಂದಿ ಮರೆತಿದ್ದಾರೆ. ಪದ್ಧತಿ ಬದಲಾದ್ದರಿಂದ 1931ನ್ನು ಹಿಂದಿನ ವರ್ಷಗಳ ಪಕ್ಕಕ್ಕೆ ನೇರವಾಗಿ ಇಡಲಾಗದು. 1941ರಲ್ಲಿ ಯುದ್ಧದ ಮಿತವ್ಯಯದಿಂದ ಭಾರತದ ಗಣತಿಯ ವಯಸ್ಸಿನ ಕೋಷ್ಟಕ ಪೂರ್ತಿಯಾಗಲಿಲ್ಲ. 1956ರ ಏಕೀಕರಣದ ಮೇಲೆ ರಾಜ್ಯದ ಎಲ್ಲೆಯೇ ಬೇರೆ.

ಶಾಲೆ ಬಂದ ಮೇಲಾದರೂ ವಯಸ್ಸಿನ ಲೆಕ್ಕ ಸರಿಹೋಯಿತೆ? ಮಗುವನ್ನು ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟರೇ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈ ಸೀಮೆಯ ಮಧ್ಯವಯಸ್ಕರಲ್ಲಿ ಅಧಿಕೃತವಾಗಿ ಜೂನ್ 1ರಂದು ಹುಟ್ಟಿದವರು ಬೇಕಾದಷ್ಟಿದ್ದಾರೆ.

ದುಡಿಯುವವರ ಪಾಲಿನ ಎರಡನೆಯ ತಿರುವು 1940ರ ದಶಕದಿಂದ ಈಚಿನದು. ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯೆಂದರೆ ಆಗ ಚಳಿಜ್ವರದ ಸೀಮೆ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನಲ್ಲಿ ಮಲೇರಿಯಾ ಅಧ್ಯಯನ 1920ರ ದಶಕದಲ್ಲೇ ಶುರುವಾಗಿತ್ತಾದರೂ ಮನೆ ಮನೆಗೆ ಡಿಡಿಟಿ ಹೊಡೆಯುವ ಕೆಲಸ ವ್ಯಾಪಕವಾದದ್ದು 1953ರ ರಾಷ್ಟ್ರೀಯ ಕಾರ್ಯಕ್ರಮದಿಂದ. ಅದಕ್ಕೆ ಮೊದಲೇ ಸಂಸ್ಥಾನದ ಜನ 1941ರ 73,29,140ರಿಂದ 1951ಕ್ಕೆ 90,74,972 ಆಗಿತ್ತು. ಹಿಂದೆ ಸಾಯುತ್ತಿದ್ದ ಕೂಸುಗಳು ಬದುಕಿದವು. ಕೂಸು ಬದುಕಿದಷ್ಟೂ ದುಡಿಯುವವರ ಪಾಲು ಇಳಿಯಿತು. ಹಿಂದೂ ಮಹಾಸಾಗರದ ಪುಟ್ಟ ದ್ವೀಪ ಮಾರಿಷಸ್ಸಿನಲ್ಲೂ ಇದೇ ಹೊತ್ತಿಗೆ ಇದೇ ನಡೆಯಿತು. ಅಲ್ಲಿ ಮಲೇರಿಯಾ ತೊಲಗಿದ ಮೇಲೆ ಮಕ್ಕಳ ಸಂಖ್ಯೆ ಉಕ್ಕಿ, 15–64ರವರ ಪಾಲು ಅರ್ಧದ ಆಸುಪಾಸಿಗೆ ಬಂತು. 1961ರಲ್ಲಿ ಜೇಮ್ಸ್ ಮೀಡ್ ನೇತೃತ್ವದ ವರದಿ ಆ ದ್ವೀಪದ ಭವಿಷ್ಯವನ್ನು ಕತ್ತಲೆಯೆಂದೇ ಬರೆಯಿತು. ಮುಂದೆ ಹೆರಿಗೆಗಳು ಬೇಗನೆ ಕಡಿಮೆಯಾಗಿ, ಜವಳಿ ಕಾರ್ಖಾನೆಗಳು ಬಂದು, ಅದೇ ಪಾಲು ನೂರಕ್ಕೆ ಎಪ್ಪತ್ತರವರೆಗೆ ಏರಿತು.

ಮೈಸೂರಿನಲ್ಲಿ ಹೆರಿಗೆ ಇಳಿಯಲು ಹೆಚ್ಚು ಕಾಲ ಹಿಡಿಯಿತು, ಅದೂ ಎಲ್ಲರಿಗಿಂತ ಮೊದಲು ಹೆಜ್ಜೆಯಿಟ್ಟ ಮೇಲೆ. ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಮೈಸೂರು ಸರ್ಕಾರ 1930ರಲ್ಲೇ ತೆರೆಯಿತು. 1951–52ರಲ್ಲಿ ವಿಶ್ವಸಂಸ್ಥೆ ಭಾರತ ಸರ್ಕಾರದ ಜೊತೆಗೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನಕ್ಕೆ ಹಳ್ಳಿಗೂ ಬೆಂಗಳೂರಿಗೂ ಹೆರಿಗೆಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸಾಲಯ ಇದ್ದರೆ ಸಾಲದು, ಅದನ್ನು ಬೇಕೆನ್ನುವ ಮನೆಯೂ ಇರಬೇಕು. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಕರ್ನಾಟಕದ ಹಳ್ಳಿಗಳಲ್ಲಿ ಕೂತು ಮಾಡಿದ, 1988ರಲ್ಲಿ ಪುಸ್ತಕವಾದ ಅಧ್ಯಯನ ಇದನ್ನು ನನ್ನ ಮಟ್ಟಿಗೆ ಚೆನ್ನಾಗಿ ಬಿಡಿಸಿದೆ: ದನ ಕಾಯುತ್ತಿದ್ದ ಹುಡುಗ ಶಾಲೆಗೆ ಹೊರಟ ದಿನದಿಂದ ಮಗು ಖರ್ಚಿನ ಬಾಬ್ತಾಯಿತು. ಆಮೇಲಿನದು ಶೀಘ್ರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1992–93ರಲ್ಲಿ 2.85, 2019–21ರಲ್ಲಿ 1.7. ಇದರ ಹೊಣೆ ಬಹುಪಾಲು ಹೆಂಗಸರ 'ಆಪರೇಷನ್' ಮೇಲೆ ಬಿದ್ದಿದೆ. ಗಂಡಸರ ಪಾಲು ಹೆಸರಿಗಷ್ಟೆ.

ಹೆರಿಗೆ ಇಳಿದಂತೆ ಏರಿದ ದುಡಿಯುವವರ ಪಾಲು ಎಲ್ಲಿದೆ? ದ್ವೀಪಕ್ಕೆ ಸುತ್ತ ಕಡಲಿದೆ. ತಾಲ್ಲೂಕಿಗೆ ಬಸ್ ಸ್ಟ್ಯಾಂಡಿದೆ. ಭತ್ತದ ಕಣಜ ಎನಿಸಿದ ಕೃಷ್ಣರಾಜನಗರ ಸೀಮೆಯಲ್ಲಿ ಪ್ರಾಯದವರು ಮೈಸೂರು, ಬೆಂಗಳೂರು ಸೇರಿದ್ದಾರೆ. ಕೊಯ್ಲಿಗೆ ಯಂತ್ರ ಬರುತ್ತದೆ, ನಾಟಿಯ ಗದ್ದೆಯಲ್ಲಿ ಬಗ್ಗಿದ ಹೆಂಗಸರಲ್ಲಿ ಅರವತ್ತು ದಾಟಿದವರೂ ಇದ್ದಾರೆ. ಕೋಷ್ಟಕದಲ್ಲಿ ಅವರು ಅವಲಂಬಿತರು. ಪಿರಿಯಾಪಟ್ಟಣದಲ್ಲಿ ಇದರ ತಿರುವುಮುರುವು: ಬೈಲಕುಪ್ಪೆಯ ಸೆರಾ ಮಠದಲ್ಲಿ ಓದುವ ತರುಣ ಭಿಕ್ಷುಗಳು ತಾಲ್ಲೂಕಿನ ದುಡಿಯುವ ವಯಸ್ಸಿನವರ ಸಾಲಿಗೇ ಸೇರುತ್ತಾರೆ. ಹೊಲಗಳ ಮಾತು ಬೇರೆ. ಅಲ್ಲಿ ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿಯ ಪಟ್ಟೆಗಳಿವೆ.

ಹೆಗ್ಗಡದೇವನಕೋಟೆ, ಹುಣಸೂರಿನ ಬುಡಕಟ್ಟು ಹಾಡಿಗಳದು ಇನ್ನೂ ಸೂಕ್ಷ್ಮ. ಜೇನುಕುರುಬ ಕುಟುಂಬಗಳು ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳ ಲೈನ್ ಮನೆಗಳಿಗೆ ಹೋಗುತ್ತವೆ. ರೊಬಸ್ಟಾ ಹಣ್ಣು ಬಿಡಿಸುವ ಕೆಲಸ ಜನವರಿಯಲ್ಲಿ ಬಿರುಸಾಗಿ ಫೆಬ್ರವರಿಯಲ್ಲೂ ನಡೆದಿರುತ್ತದೆ. ಗಣತಿಯವರು 2011ರಲ್ಲಿ ಎಣಿಸಲು ಬಂದದ್ದು ಫೆಬ್ರವರಿ 9ರಿಂದ 28ರವರೆಗೆ. ಹಾಡಿಯಲ್ಲಿ ಆಗ ಸಿಗುವವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಹಾಡಿಯ ಲೆಕ್ಕದಲ್ಲಿ ಅಜ್ಜಿ–ಮೊಮ್ಮಕ್ಕಳೇ ಹೆಚ್ಚಾಗಿ, ದುಡಿಯುವವರು ಕೊಡಗಿನ ಲೆಕ್ಕಕ್ಕೆ ಬಿದ್ದಿದ್ದರೆ ಅಚ್ಚರಿಯಿಲ್ಲ. ಮುಂದಿನ ಗಣತಿಯ ನಿಗದಿತ ಗಳಿಗೆ 2027ರ ಮಾರ್ಚ್ 1. ಎಣಿಕೆ ಈ ಸಲವೂ ಫೆಬ್ರವರಿಯಲ್ಲೇ. ಕೋಟೆಯ ಹಾಡಿಗಳನ್ನು ಕೊಡಗಿನ ಲೈನ್ ಮನೆಗಳ ಜೊತೆ ಹೊಂದಿಸಿ ನೋಡದೆ ಆ ತಾಲ್ಲೂಕಿನ ಪಾಲನ್ನು ಪ್ರಕಟಿಸುವುದರಲ್ಲಿ ಅರ್ಥವಿಲ್ಲ.