ರೆಪ್ಪೆಯ ಮೇಲಿನ ಕೆಮ್ಮಣ್ಣು: ಐಶ್ಯಾಡೋ ಪ್ಯಾಲೆಟ್ ಪರೀಕ್ಷಿಸುವ ಬಗೆ

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಮದುವೆಗಳ ಸಾಲು ಶುರುವಾಗುತ್ತದೆ. ಮದುಮಗಳ ಸೀರೆ, ಒಡವೆಗಳ ಜೊತೆ ಈಗ ಐಶ್ಯಾಡೋ ಪ್ಯಾಲೆಟ್ ಕೂಡ ಖರೀದಿಯ ಪಟ್ಟಿಯಲ್ಲಿದೆ. ರೆಪ್ಪೆಗೆ ಹಚ್ಚುವ ಹಲವು ಬಣ್ಣದ ಪುಡಿಗಳನ್ನು ಪುಟ್ಟ ಲೋಹದ ತಟ್ಟೆಗಳಲ್ಲಿ ಒತ್ತಿ, ಒಂದೇ ಡಬ್ಬಿಯಲ್ಲಿ ಜೋಡಿಸಿದರೆ ಅದೇ ಪ್ಯಾಲೆಟ್. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ನೂಲು ಎಳೆದು ನೋಡುವ ನಾವು ಈ ಡಬ್ಬಿಯನ್ನು ಮಾತ್ರ ಮುಚ್ಚಳದ ಅಂದ ನೋಡಿ ಕೊಳ್ಳುತ್ತೇವೆ. ಇದನ್ನೂ ಪರೀಕ್ಷಿಸಿ ಕೊಳ್ಳುವ ದಾರಿಗಳಿವೆ.

ಪುಡಿಯಲ್ಲಿ ಏನಿರುತ್ತದೆ?

ಪುಡಿಯ ಹೆಚ್ಚಿನ ಪಾಲು ಟಾಲ್ಕ್, ಅಭ್ರಕ, ಬಿಳಿ ಜೇಡಿಯಂಥ ಖನಿಜ. ಇವು ಬಣ್ಣವನ್ನು ಹೊತ್ತು ಚರ್ಮದ ಮೇಲೆ ಜಾರಿಸುತ್ತವೆ. ಪುಡಿ ಉದುರದಂತೆ ಹಿಡಿದಿಡಲು ಸಿಲಿಕೋನ್ ಎಣ್ಣೆ ಅಥವಾ ಮೆಗ್ನೀಸಿಯಂ ಸ್ಟಿಯರೇಟ್‌ನಂಥ ಅಂಟು ಬೇಕು. ಅಂಟು ಮತ್ತು ಒತ್ತಡದ ಹದ ಸರಿಯಾದರೆ ಡಬ್ಬಿ ಒಳ್ಳೆಯದು. ಒತ್ತಡ ಹೆಚ್ಚಾದರೆ ಪುಡಿ ಕಲ್ಲಾಗಿ ಬೆರಳಿಗೆ ಬಣ್ಣವೇ ಹತ್ತುವುದಿಲ್ಲ. ಕಡಿಮೆಯಾದರೆ ಬಣ್ಣ ಗಾಢವಾಗಿ ಬರುತ್ತದೆ, ಆದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಕುಲುಕಿ ಮನೆ ಸೇರುವ ಹೊತ್ತಿಗೆ ತಟ್ಟೆಯಲ್ಲೇ ಒಡೆದಿರುತ್ತದೆ.

ಬಣ್ಣ ಎಲ್ಲಿಂದ ಬರುತ್ತದೆ?

ಕಂದು, ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಕಪ್ಪು ಇವೆಲ್ಲ ಬಹುಪಾಲು ಕಬ್ಬಿಣದ ಆಕ್ಸೈಡುಗಳಿಂದ ಬರುತ್ತವೆ. ಮಲೆನಾಡಿನ ಕೆಮ್ಮಣ್ಣಿಗೆ ಕೆಂಪು ಕೊಟ್ಟಿರುವುದೂ ಇವೇ. ತೋಟದಲ್ಲಿ ಸೆರಗಿಗೆ ಹತ್ತಿ, ಎಷ್ಟು ಒಗೆದರೂ ಬಿಡದ ಆ ಕೆಂಪು ಡಬ್ಬಿಯಲ್ಲಿ ನುಣುಪಾಗಿ ಕೂತಿದೆ ಎನ್ನಬಹುದು. ಪ್ರಸಾಧನಕ್ಕೆ ಮಾತ್ರ ಇದನ್ನು ನೆಲದಿಂದ ಅಗೆದು ಬಳಸುವುದಿಲ್ಲ. ಸೀಸದಂಥ ಕಲ್ಮಶ ಸೇರದಂತೆ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ.

ನೀಲಿಗೆ ಅಲ್ಟ್ರಾಮರೀನ್, ನೇರಳೆಗೆ ಮ್ಯಾಂಗನೀಸ್ ವಯಲೆಟ್, ಹಸಿರಿಗೆ ಕ್ರೋಮಿಯಂ ಆಕ್ಸೈಡ್, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್ ಬಳಕೆಯಲ್ಲಿವೆ. ಕೆಲವು ಗುಲಾಬಿ, ಕೆಂಪು ಬಣ್ಣಗಳಲ್ಲಿ ಕಾರ್ಮೈನ್ ಇರುತ್ತದೆ. ಅದು ಕೊಚಿನೀಲ್ ಎಂಬ ಕೀಟದಿಂದ ತೆಗೆದ ಬಣ್ಣ. ಬೇಡವೆನ್ನುವವರು ಲೇಬಲ್‌ನಲ್ಲಿ ಸಿಐ 75470 ಎಂಬ ಸಂಖ್ಯೆ ಇದೆಯೇ ನೋಡಬೇಕು.

ಮಿನುಗುವ ಶಿಮ್ಮರ್‌ನ ಗುಟ್ಟು ಬೇರೆ. ಅಭ್ರಕದ ತೆಳು ಚೂರುಗಳಿಗೆ ಟೈಟಾನಿಯಂ ಡೈಆಕ್ಸೈಡ್‌ನ ಪದರ ಹೊದಿಸುತ್ತಾರೆ. ಪದರ ತೆಳುವಾಗಿದ್ದರೆ ಬೆಳ್ಳಿಯ ಹೊಳಪು. ದಪ್ಪವಾದಂತೆ ಹೊನ್ನು, ಕೆಂಪು, ನೀಲಿ, ಹಸಿರು. ನವಿಲುಗರಿಯ ನೀಲಿಯೂ ಹೀಗೆಯೇ ಬೆಳಕಿನ ಆಟದಿಂದ ಹುಟ್ಟಿದ್ದು.

ಬೆರಳಿನ ಪರೀಕ್ಷೆ

ಅಂಗಡಿಯಲ್ಲಿ ಮಾದರಿ ಡಬ್ಬಿ ಇಟ್ಟಿದ್ದರೆ ಬೆರಳನ್ನು ಒಮ್ಮೆ ಮಾತ್ರ ಹಗುರವಾಗಿ ಆಡಿಸಿ, ಮುಂಗೈಯ ಒಳಭಾಗದಲ್ಲಿ ಒಂದೇ ಗೆರೆ ಎಳೆಯಿರಿ. ಬೇರೆಯವರು ಮುಟ್ಟಿದ ಮಾದರಿಯನ್ನು ಕಣ್ಣಿಗೆ ಹಚ್ಚಬಾರದು, ಸೋಂಕು ತಗಲಬಹುದು.

ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ನಡುವೆ ಚರ್ಮ ಇಣುಕಿದರೆ ಬಣ್ಣದ ಅಂಶ ಕಡಿಮೆ. ಆಮೇಲೆ ಒಣ ಬೆರಳಿನಿಂದ ಅಂಚನ್ನು ಉಜ್ಜಿ. ಅಂಚು ಹೊಗೆಯ ಹಾಗೆ ಕರಗಿದರೆ ಪುಡಿ ನುಣುಪಾಗಿದೆ ಎಂದರ್ಥ. ತೇಪೆಯಾಗಿ ನಿಂತರೆ ರೆಪ್ಪೆಯ ಮೇಲೂ ಹಾಗೇ ನಿಲ್ಲುತ್ತದೆ. ಕೈ ಕೊಡವಿದಾಗ ಪುಡಿ ಉದುರಿದರೆ ಅದು ಕೆನ್ನೆಗೂ ಕಣ್ಣೊಳಗೂ ಬೀಳುವ ಪುಡಿ.

ಹೊಳಪಿಲ್ಲದ ಮ್ಯಾಟ್ ಬಣ್ಣಗಳನ್ನೇ ಮೊದಲು ಪರೀಕ್ಷಿಸಿ. ಶಿಮ್ಮರ್‌ನ ಹೊಳಪು ಕೊರತೆಯನ್ನು ಮರೆಸುತ್ತದೆ, ಮ್ಯಾಟ್‌ಗೆ ಆ ಮರೆ ಇಲ್ಲ. ತಿಳಿ ಬಣ್ಣಗಳಲ್ಲಿ ಬಿಳಿ ಪುಡಿ ಅತಿಯಾದರೆ ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಬೆಳ್ಳಗಿನ ಕೈ ಮೇಲೆ ತೆಗೆದ ಜಾಹೀರಾತಿನ ಚಿತ್ರ ಇದನ್ನು ತೋರಿಸುವುದಿಲ್ಲ.

ಘಟ್ಟದ ಬೆಳಕು, ಘಟ್ಟದ ತೇವ

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಮೋಡ ಹೊದ್ದಿರುತ್ತದೆ. ಮೋಡದಿಂದ ಸೋಸಿ ಬರುವ ಬೆಳಕು ಮೃದು, ಕೊಂಚ ನೀಲಿ. ಅದರಲ್ಲಿ ಶಿಮ್ಮರ್ ಮಂಕಾಗುತ್ತದೆ, ತಣ್ಣನೆಯ ಕಂದು ಬೂದಿಗೆ ತಿರುಗುತ್ತದೆ. ಅದೇ ಶಿಮ್ಮರ್ ಕಲ್ಯಾಣಮಂಟಪದ ವಿಡಿಯೊ ದೀಪದಡಿ ಕಣ್ಣು ಕುಕ್ಕುತ್ತದೆ. ಅಂಗಡಿಯ ಹಳದಿ ದೀಪ ಇಟ್ಟಿಗೆ ಬಣ್ಣವನ್ನು ಉರಿಸಿ ತೋರಿಸುತ್ತದೆ. ಹಾಗಾಗಿ ಕೈ ಮೇಲಿನ ಗೆರೆಯೊಂದಿಗೆ ಅಂಗಡಿಯ ಹೊಸಿಲು ದಾಟಿ, ಬಯಲಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡಲೇಬೇಕು.

ಒಣ ಪುಡಿಯಲ್ಲಿ ನೀರಿಲ್ಲವಾದ್ದರಿಂದ ಬೂಷ್ಟು ಸುಲಭಕ್ಕೆ ಹಿಡಿಯದು. ಆದರೆ ಒದ್ದೆ ಬ್ರಷ್ ತಾಗಿಸಿ, ಮಳೆಗಾಲದ ತೇವದ ಕೋಣೆಯಲ್ಲಿ ಮುಚ್ಚಿಟ್ಟರೆ ಆ ಭರವಸೆ ಇಲ್ಲ. ಬ್ರಷ್ ತೊಳೆದು ಪೂರ್ತಿ ಒಣಗಿಸಿಯೇ ಬಳಸಿ. ಪುಡಿಯ ಮೇಲೆ ಜಿಡ್ಡಿನ ಗಟ್ಟಿ ಪೊರೆ ಕಟ್ಟಿದರೆ ಅದು ಚರ್ಮದ ಎಣ್ಣೆಯಿಂದಾದದ್ದು. ಅಂಟುಪಟ್ಟಿ ಒತ್ತಿ ಎತ್ತಿದರೆ ಬರುತ್ತದೆ. ಪ್ರಯಾಣದಲ್ಲಿ ಮುಚ್ಚಳದೊಳಗೆ ಹತ್ತಿಯ ಪದರವಿಟ್ಟರೆ ಪುಡಿ ಒಡೆಯುವುದು ಕಡಿಮೆ.

ಸುರಕ್ಷತೆ ಮತ್ತು ಲೇಬಲ್

ಹಿಂದಿನ ಯಕ್ಷಗಾನ ಚೌಕಿಗಳಲ್ಲಿ, ಅಂದರೆ ವೇಷ ಕಟ್ಟುವ ಕೋಣೆಗಳಲ್ಲಿ, ಮುಖವರ್ಣಿಕೆಗೆ ಅರದಾಳ, ಇಂಗಳೀಕ ಬಳಸುತ್ತಿದ್ದರು. ಅರದಾಳ ಆರ್ಸೆನಿಕ್‌ನ ಸಂಯುಕ್ತ, ಇಂಗಳೀಕ ಪಾದರಸದ್ದು. ಹೊಳೆಯುವ ಬಣ್ಣಗಳಾದರೂ ಎರಡೂ ವಿಷಕಾರಿ. ಇಂದು ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸಿದ ಪ್ರಸಾಧನಗಳ ತಯಾರಿಕೆ ಭಾರತದಲ್ಲಿ ನಿಷಿದ್ಧ. 2020ರ ಪ್ರಸಾಧನ ನಿಯಮಗಳು ಕಣ್ಣಿನ ಪ್ರಸಾಧನದಲ್ಲಿನ ಪಾದರಸಕ್ಕೂ 10 ಲಕ್ಷದಲ್ಲಿ 70 ಭಾಗದ ಮಿತಿ ಹಾಕಿವೆ.

ಈ ನಿಯಮಗಳ ಕಾವಲು ಇರುವುದು ಲೇಬಲ್ ಇರುವ ಸರಕಿಗೆ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್, ಬಳಕೆಯ ಅವಧಿ ಎಲ್ಲವೂ ಇರಬೇಕು. ವಿದೇಶಿ ಸರಕಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ. ಇದ್ಯಾವುದೂ ಇಲ್ಲದ ಜಾತ್ರೆಯ ಅಗ್ಗದ ಡಬ್ಬಿ ರೆಪ್ಪೆಗೆ ಬೇಡ. ಕರಕುಶಲ ಕೆಲಸದ ಪ್ಲಾಸ್ಟಿಕ್ ಗ್ಲಿಟರ್ ಅಂತೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನೇ ಗೀರಬಲ್ಲದು. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ, ತೆರೆದ ಮೇಲೆ 12 ತಿಂಗಳ ಬಳಕೆ ಎಂದು ಅರ್ಥ.

ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ ಹೋಲಿಸಿ. 600 ರೂಪಾಯಿಗೆ 12 ಗ್ರಾಂ ಆದರೆ ಗ್ರಾಂಗೆ 50. 400 ರೂಪಾಯಿಗೆ 5 ಗ್ರಾಂ ಆದರೆ ಗ್ರಾಂಗೆ 80.

ಬಣ್ಣಗಳ ಆಯ್ಕೆ

ಒಳ್ಳೆಯ ಪ್ಯಾಲೆಟ್‌ಗೆ ಮ್ಯಾಟ್ ಬಣ್ಣಗಳೇ ಅಡಿಪಾಯ: ಮೈಬಣ್ಣಕ್ಕೆ ಹೊಂದುವ ಒಂದು ತಿಳಿ, ಅದಕ್ಕಿಂತ ತುಸು ಗಾಢವಾದ ಒಂದು ನಡುಬಣ್ಣ, ಕಣ್ಣಿನ ಅಂಚಿಗೆ ಒಂದು ಕಡುಬಣ್ಣ. ಇವಿದ್ದರೆ ಒಂದೆರಡು ಶಿಮ್ಮರ್ ಸಾಕು. ಡಬ್ಬಿಯಲ್ಲಿ ಬೇರೆಬೇರೆಯಾಗಿ ಕಂಡ ಮೂರು ಕಂದು ಕೈ ಮೇಲೆ ಒಂದೇ ಆಗಿ ಕಂಡರೆ, ಒಂದೇ ಬಣ್ಣಕ್ಕೆ ಮೂರು ಸಲ ದುಡ್ಡು ತೆತ್ತಂತೆ.

ಯಾವ ಬಣ್ಣ ಹೊಂದೀತು ಎಂಬುದಕ್ಕೆ ತೋಟವೇ ಒಳ್ಳೆಯ ಮಾದರಿ. ಹೂಮಳೆಯ ನಂತರ ಅರಳುವ ಕಾಫಿ ಹೂವಿನ ಬಿಳುಪು ಹುಬ್ಬಿನ ಕೆಳಗೆ ಚುಕ್ಕೆಯಷ್ಟು ಸಾಕು. ಹುರಿದ ಬೀಜದ ಕಂದು ಎಲ್ಲ ಸೀರೆಗೂ ಹೊಂದುತ್ತದೆ. ಮಾಗಿದ ಹಣ್ಣಿನ ಕೆಂಪು ರೇಷ್ಮೆಯ ಜರಿ ಅಂಚಿಗೆ ಒಪ್ಪುತ್ತದೆ, ಏಲಕ್ಕಿಯ ಹಸಿರು ಕಡುಗಪ್ಪು ಕಣ್ಣಿಗೆ. ಇವೆಲ್ಲಕ್ಕೂ ನಡುವೆ ನಿಂತು ಒಂದನ್ನೊಂದು ಬೆಸೆಯುವುದು ಕೆಮ್ಮಣ್ಣಿನ ಕಂದುಗೆಂಪು. ಹೊಸ ಪ್ಯಾಲೆಟ್ ತಂದ ದಿನ ಮೊದಲು ಆ ಬಣ್ಣವನ್ನೇ ಹಚ್ಚಿ, ಕನ್ನಡಿ ಹಿಡಿದು ಮನೆಯ ಜಗಲಿಗೆ ಬನ್ನಿ. ಅಂಗಳದ ಮಣ್ಣಿನ ಬಣ್ಣದ ಎದುರು ರೆಪ್ಪೆಯ ಬಣ್ಣ ಸಪ್ಪೆಯೆನಿಸದಿದ್ದರೆ ಆ ಡಬ್ಬಿ ಕೊಟ್ಟ ಹಣಕ್ಕೆ ತಕ್ಕುದು.