ಅನಿಮೆ–ಮಾಂಗಾಗಳಲ್ಲಿ ಬಿಡಿಸಿ ಹೇಳದ ಸಲಿಂಗಪ್ರೇಮ

ಇಬ್ಬರು ಹೆಣ್ಣುಗಳ ಅಥವಾ ಇಬ್ಬರು ಗಂಡುಗಳ ನಂಟು ಗೆಳೆತನವೋ ಪ್ರೇಮವೋ ಎಂಬುದನ್ನು ಬಿಡಿಸಿ ಹೇಳದಿರುವುದು ಜಪಾನಿನ ಅನಿಮೆ, ಮಾಂಗಾಗಳಲ್ಲಿ ಹಳೆಯ ರೂಢಿ. ಅದರ ಬೇರು ಬಾಲಕಿಯರ ಪತ್ರಿಕೆಗಳಲ್ಲಿದೆ. ಯೋಶಿಯಾ ನೊಬುಕೊ 1916ರಲ್ಲಿ ಬರೆಯತೊಡಗಿದ ‘ಹಾನಾ ಮೊನೊಗತಾರಿ’ಯ ಕಥೆಗಳು ಹುಡುಗಿಯರ ನಡುವಿನ ಗಾಢ ಅನುರಾಗವನ್ನು ಚಿತ್ರಿಸಿದವು. ‘ಸಿಸ್ಟರ್’ ಪದದ ಮೊದಲ ಅಕ್ಷರದಿಂದ ಇಂಥ ನಂಟಿಗೆ ‘ಎಸ್’ ಎಂಬ ಹೆಸರು ಬಿತ್ತು. ಶಾಲೆ ಮುಗಿದು ಮದುವೆಯಾದರೆ ಇದೂ ಮುಗಿಯುತ್ತದೆಂದು ಸಮಾಜ ನಂಬಿದ್ದರಿಂದ ಅಡ್ಡಿ ಕಡಿಮೆಯಿತ್ತು. ಲೇಖಕಿಯ ಬಾಳಿನಲ್ಲಿ ಅದು ಮುಗಿಯಲಿಲ್ಲ. ಸಂಗಾತಿ ಮೊನ್ಮಾ ಚಿಯೊ ಅವರನ್ನು ಮದುವೆಯಾಗಲು ಕಾನೂನು ಬಿಡದ ಕಾರಣ, ಯೋಶಿಯಾ 1957ರಲ್ಲಿ ಅವರನ್ನು ದತ್ತು ತೆಗೆದುಕೊಂಡರು.

ಯಾಮಾಗಿಶಿ ರ್‍ಯೋಕೊ 1971ರ ‘ಶಿರೊಯಿ ಹೆಯಾ ನೊ ಫುತಾರಿ’ಯಲ್ಲಿ ಹೆಣ್ಣುಗಳಿಬ್ಬರ ಪ್ರೇಮವನ್ನು ಮುಚ್ಚಿಡದೆ ತೋರಿದರು, ಕಥೆ ಸಾವಿನಲ್ಲಿ ಮುಗಿಯುತ್ತದೆ. ಗಂಡುಗಳ ಪ್ರೇಮಕಥೆಗಳ ಸುತ್ತ ಜಗಳವೂ ಎದ್ದಿತು. ಹೆಂಗಸರು ತಮ್ಮ ರಂಜನೆಗೆಂದು ಬರೆದ ಈ ಕಥೆಗಳಿಗೂ ಸಲಿಂಗಕಾಮಿ ಗಂಡಸರ ಬದುಕಿಗೂ ಸಂಬಂಧವಿಲ್ಲವೆಂದು 1992ರಲ್ಲಿ ಸಲಿಂಗಕಾಮಿ ಹೋರಾಟಗಾರ ಸಾತೊ ಮಸಾಕಿ ಆಕ್ಷೇಪವೆತ್ತಿದರು.

ದೇಶದ ಗಡಿ ದಾಟಿದಾಗ ಈ ಅಸ್ಪಷ್ಟತೆ ಸುಳ್ಳೂ ಆಗಿದೆ. ತಾಕೆಯುಚಿ ನಾವೊಕೊ ಅವರ ‘ಸೇಲರ್ ಮೂನ್’ನಲ್ಲಿ ಹರೂಕಾ, ಮಿಚಿರು ಎಂಬ ಹೆಣ್ಣುಗಳಿಬ್ಬರು ಪ್ರೇಮಿಗಳು. 2000ದಲ್ಲಿ ಅಮೆರಿಕದಲ್ಲಿ ಬಂದ ಇಂಗ್ಲಿಷ್ ಡಬ್ಬಿಂಗ್ ಅವರನ್ನು ಕಸಿನ್‌ಗಳನ್ನಾಗಿಸಿತು. ಮಾತು ಬದಲಾದರೂ ಚಿತ್ರದಲ್ಲಿನ ನೋಟಗಳು ಬದಲಾಗಲಿಲ್ಲ, ಹಾಗಾಗಿ ನಂಟು ಇನ್ನಷ್ಟು ಗೋಜಲಾಯಿತು. ಜಪಾನಿನೊಳಗೂ ಅಸ್ಪಷ್ಟತೆ ಉಳಿಯಿತು: 2016ರ ‘ಯೂರಿ ಆನ್ ಐಸ್’ ಅನಿಮೆಯ ಏಳನೆಯ ಕಂತಿನಲ್ಲಿ ವಿಕ್ಟರ್ ಎಂಬ ಗಂಡು ಇನ್ನೊಬ್ಬ ಗಂಡು ಯೂರಿಯನ್ನು ಅಪ್ಪಿಕೊಳ್ಳುವ ಗಳಿಗೆಗೆ ತೋಳು ಅಡ್ಡ ಬರುತ್ತದೆ. ಅದು ಮುತ್ತೇ ಎಂದು ಹಲವರು ಸಂಭ್ರಮಿಸಿದರು. ಗಂಡು–ಹೆಣ್ಣಿನ ಜೋಡಿಯಾಗಿದ್ದರೆ ಆ ತೋಳು ಅಲ್ಲಿರುತ್ತಿತ್ತೇ ಎಂದು ಕೇಳಿದವರೂ ಇದ್ದರು. ಕೇಳಬೇಕಾದ ಪ್ರಶ್ನೆಯೇ ಅದು.

ವಿವಾದ ಅತ್ಯಂತ ನೇರವಾಗಿ ಬಯಲಿಗೆ ಬಂದದ್ದು ‘ಗುಂಡಮ್: ದಿ ವಿಚ್ ಫ್ರಮ್ ಮರ್ಕ್ಯುರಿ’ ಅನಿಮೆಯಲ್ಲಿ. ಮೊದಲ ಕಂತಿನಲ್ಲೇ ದ್ವಂದ್ವಯುದ್ಧ ಗೆದ್ದ ಸುಲೆಟ್ಟಾ ಎಂಬ ಹುಡುಗಿ ಮಿಯೊರಿನೆ ಎಂಬ ಹುಡುಗಿಗೆ ‘ವರ’ನಾಗುತ್ತಾಳೆ. 2023ರ ಜುಲೈನ ಕೊನೆಯ ಕಂತಿನಲ್ಲಿ ಇಬ್ಬರ ಬೆರಳಲ್ಲೂ ಉಂಗುರವಿತ್ತು. ಅದೇ ತಿಂಗಳು ‘ಗುಂಡಮ್ ಏಸ್’ ಪತ್ರಿಕೆಯ ಸಂದರ್ಶನದಲ್ಲಿ ಅವರ ‘ಮದುವೆ’ಯ ಪ್ರಸ್ತಾಪ ಅಚ್ಚಾಯಿತು, ಡಿಜಿಟಲ್ ಆವೃತ್ತಿಯಿಂದ ಆ ಪದವನ್ನು ತೆಗೆಯಲಾಯಿತು. ಅದು ಸಂಪಾದಕರ ಊಹೆ, ಅರ್ಥವನ್ನು ನೋಡುಗರಿಗೇ ಬಿಟ್ಟಿದ್ದೇವೆ ಎಂದು ನಿರ್ಮಾಣ ಸಂಸ್ಥೆ ಹೇಳಿಕೆ ಕೊಟ್ಟಿತು. ಓದುಗರ ಕಲ್ಪನೆಗೆ ಜಾಗ ಬಿಡುವುದು ಕಲೆಯ ಗುಣ, ನಿಜ. ಆದರೆ ವಿವಾಹದ ಒಪ್ಪಂದದ ಮೇಲೆಯೇ ಕಟ್ಟಿದ ಕಥೆಗೆ ಈ ಸಮಜಾಯಿಷಿ ಹೊಂದುವುದಿಲ್ಲ. ಜಪಾನಿನ ಅಭಿಮಾನಿಗಳೂ ಹಾಗೆಂದೇ ಪ್ರತಿಭಟಿಸಿದರು. ಅಷ್ಟರಲ್ಲಿ ಮಾರಾಟವಾಗಿದ್ದ ಅಚ್ಚಿನ ಪ್ರತಿಗಳಲ್ಲಿ ಆ ಪದ ಹಾಗೆಯೇ ಇದೆ.